ಬೆನ್ನು ನೆಲಕ್ಕೆ ತಾಗಿಸುವ ಊರಲ್ಲಿ ಹದಿನೇಳು ದಿನ

ಒಸಾಕಾ, ವಿಮಾನ ನಿಲ್ದಾಣ

ನನ್ನ ಮೊದಲ ವಿದೇಶ ಪ್ರವಾಸದ ಮೊದಲ ಎರಡು ಗಂಟೆ ಕಳೆದದ್ದು ಒಂದು ಬಿಳಿ ಮೇಜಿನ ಮುಂದೆ. ಮೇಜಿನ ಮೇಲೆ ಅರ್ಧ ಕಿಲೋ ಕೆಂಪು ಮಣ್ಣು. ಆಚೆ ಕಡೆ ಕೈಗವಸು ತೊಟ್ಟ ಇಬ್ಬರು ಅಧಿಕಾರಿಗಳು. ಈಚೆ ಕಡೆ ಬೆವರುತ್ತಾ ನಾನು.

ಆ ಮಣ್ಣು ಯಲಹಂಕ ಹಳೇ ಊರಿನ ನಮ್ಮ ಗರಡಿಯದು. ಅರಿಶಿನ, ಎಳ್ಳೆಣ್ಣೆ, ಮಜ್ಜಿಗೆ, ಕರ್ಪೂರ ಬೆರೆಸಿ ಹದ ಮಾಡಿದ್ದು. ಕುಸ್ತಿಗೆ ಇಳಿಯುವ ಮುಂಚೆ ಅದನ್ನು ಹಣೆಗೂ ತೋಳಿಗೂ ಹಚ್ಚಿಕೊಳ್ಳದೆ ನಮ್ಮಲ್ಲಿ ಯಾರೂ ಕೈ ಸೇರಿಸುವುದಿಲ್ಲ. ನನ್ನ ತಂಗಿಯ ಮಗಳು ಭಾಗ್ಯ ಇನ್ನು ಆರು ದಿನಕ್ಕೆ ಈ ಊರಲ್ಲಿ ಮೊದಲ ಸಲ ಜನರ ಮುಂದೆ ಅಖಾಡಕ್ಕೆ ಇಳಿಯುವವಳಿದ್ದಳು. ಬರಿಗೈಯಲ್ಲಿ ಹೋಗುವುದು ಹೇಗೆ? ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಪಂಚೆಯಲ್ಲಿ ಸುತ್ತಿ ತಂದಿದ್ದೆ. ಪರದೇಶದ ಮಣ್ಣನ್ನು ಜಪಾನಿನೊಳಗೆ ತರಲೇಬಾರದಂತೆ. ಬ್ಯಾಟರಾಯನಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಲೋಡುಗಟ್ಟಲೆ ಮರಳು ಮಾರಿದವನಿಗೆ ಇದೆಲ್ಲ ಯಾರು ಹೇಳಬೇಕು!

"ವಾಟ್ ಈಸ್ ದಿಸ್?" ಎಂದ ಒಬ್ಬ.

"ಸಾಯಿಲ್" ಎಂದೆ.

"ಫಾರ್ ವಾಟ್?"

"ರೆಸ್ಲಿಂಗ್."

ಇಬ್ಬರೂ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಲವತ್ತೈದು ವರ್ಷ, ನರೆತ ಮೀಸೆ, ಮುಂದೆ ಬಂದ ಹೊಟ್ಟೆ. ಕರ್ಪೂರದ ವಾಸನೆಗೆ ಒಬ್ಬ ಮೂಗು ಅರಳಿಸಿದ. ಒಂದು ನಾಯಿ ಬಂತು, ಮೂಸಿತು, ಸೀನಿತು. ಇನ್ನೊಬ್ಬ ಎಲ್ಲಿಗೋ ಫೋನು ಮಾಡಿದ. ಕಡೆಗೆ ಅವರಲ್ಲಿ ಹಿರಿಯ ನನ್ನ ಕಿವಿ ನೋಡಿದ. ಗರಡಿಯಲ್ಲಿ ಉಜ್ಜಿ ಉಜ್ಜಿ ಮುದುಡಿಹೋದ ಕಿವಿಗಳು. ಅವನು ತನ್ನ ಎಡಗಿವಿ ಮುಟ್ಟಿ ತೋರಿಸಿ "ಜೂಡೋ" ಎಂದು ನಕ್ಕ. ಅದೂ ಹಾಗೇ ಮುದುಡಿತ್ತು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಮಣ್ಣು ಇಟ್ಟುಕೊಂಡು, ಇಬ್ಬರೂ ಸೊಂಟದವರೆಗೆ ಬಗ್ಗಿ ನಮಸ್ಕರಿಸಿ ನನ್ನನ್ನು ಬಿಟ್ಟರು. ನಮ್ಮಲ್ಲಿ ಬೈದಾದರೂ ಬಿಟ್ಟುಕೊಡುತ್ತಾರೆ. ಇಲ್ಲಿ ನಮಸ್ಕಾರ ಮಾಡಿ ಕಿತ್ತುಕೊಳ್ಳುತ್ತಾರೆ.

ಆ ಎರಡು ಗಂಟೆ ನಾನು ಹೆದರಿದ್ದು ಪೊಲೀಸರಿಗಲ್ಲ, ಲಚ್ಚಿಗೆ. ಲಚ್ಚಿ ನನ್ನ ತಂಗಿ, ಭಾಗ್ಯಳ ತಾಯಿ. ಜಪಾನಿನ ಹೆಂಗಸರ ರೆಸ್ಲಿಂಗ್ ಕಂಪನಿಯೊಂದು ಬೆಂಗಳೂರಿನಲ್ಲಿ ಶಿಬಿರ ನಡೆಸಿದಾಗ ಭಾಗ್ಯಳನ್ನು ಆರಿಸಿಕೊಂಡಿತ್ತು. ಆರು ತಿಂಗಳು ತರಬೇತಿ, ಆಮೇಲೆ ಒಂದು ಪಂದ್ಯ. ಅದು ಚೆನ್ನಾಗಾದರೆ ಮೂರು ವರ್ಷದ ಒಪ್ಪಂದ. ಹುಡುಗಿಗೆ ಹತ್ತೊಂಬತ್ತು. ಇಪ್ಪತ್ತು ತುಂಬದವರ ಒಪ್ಪಂದಕ್ಕೆ ಆ ಕಂಪನಿಯ ನಿಯಮದಂತೆ ತಾಯಿಯ ಸಹಿ ಬೇಕು, ಜೊತೆಗೆ ಇನ್ನೊಬ್ಬ ಹಿರಿಯರದ್ದೂ. ನಾನು ಹೊರಡುವ ದಿನ ಲಚ್ಚಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು:

"ಗರಡಿಗೆ ಆಕ್ದೋನು ನೀನೇ ಅಣ್ಣ. ನೀನೇ ಓಗಿ ಕಣ್ಣಾರೆ ನೋಡ್ಕೊಂಡ್ ಬಾ. ಮೈ ಕೈ ನೆಟ್ಟಗಿರೋ ಕೆಲ್ಸ ಅಂತ ನೀನ್ ಏಳಿದ್ರೆ ನಾನು ಸೈನ್ ಆಕ್ತೀನಿ. ಇಲ್ಲಾಂದ್ರೆ ಎಂಗ್ ಕಳ್ಸಿದ್ನೋ ಅಂಗೇ ತಂದು ಒಪ್ಸು."

"ಒಪ್ಪಿಸ್ತೀನಿ" ಎಂದು ಮಾತು ಕೊಟ್ಟಿದ್ದೆ.

ರೈಲಿನಲ್ಲಿ

ಭಾಗ್ಯ ಹೊರಬಾಗಿಲಲ್ಲಿ ಕಾಯುತ್ತಿದ್ದಳು. ಮಾರುದ್ದ ಜಡೆ ಮಾಯವಾಗಿ ಹುಡುಗನ ಕ್ರಾಪಿನಂತಾಗಿತ್ತು. ನನ್ನ ಕಾಲು ಮುಟ್ಟಿ ಎದ್ದವಳು, ಎದ್ದ ಮೇಲೆ ಮತ್ತೊಮ್ಮೆ ಜಪಾನೀಯರ ಹಾಗೆ ಬಗ್ಗಿದಳು. "ಅಭ್ಯಾಸ ಆಗ್ಬಿಟ್ಟಿದೆ ಮಾವ" ಎಂದು ನಾಲಿಗೆ ಕಚ್ಚಿಕೊಂಡಳು.

ಅಲ್ಲಿಯ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ತುಂಬಿದ ಡಬ್ಬಿಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ಯಶವಂತಪುರದಲ್ಲಿ ಪ್ಯಾಸೆಂಜರ್ ಹತ್ತಿ ಬೆಳೆದ ನನಗೆ ಯಾರೋ ಸತ್ತ ಮನೆಗೆ ಬಂದಂತಾಗಿತ್ತು. ಅಷ್ಟರಲ್ಲಿ ನನ್ನ ಜೇಬಿನಿಂದ ಆಂಜನೇಯನ ಭಜನೆ ಶುರುವಾಯಿತು. ಲಚ್ಚಿಯ ಫೋನು. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದೆ, ಸ್ಪೀಕರ್ ಚಾಲೂ ಆಯಿತು.

"ಅಣ್ಣಾ! ಅನ್ನ ಸಿಕ್ತಾ ಅಲ್ಲಿ?"

"ಇನ್ನೂ ಇಲ್ಲ ಕಣವ್ವಾ!" ಎಂದು ಸಮುದ್ರದಾಚೆಗೆ ಕೇಳಿಸುವಂತೆ ಕೂಗಿದೆ. ಡಬ್ಬಿಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿ ಗದರಿದ್ದರೆ ಎಷ್ಟೋ ವಾಸಿಯಿತ್ತು. ಭಾಗ್ಯ ಫೋನು ಕಿತ್ತುಕೊಂಡು ಆರಿಸಿದಳು.

ಆಮೇಲೆ ಪಿಸುದನಿಯಲ್ಲಿ ಪಂದ್ಯದ ವಿಷಯ ಹೇಳಿದಳು. ಎದುರಾಳಿ ಮಿಯು ಎಂಬ ಹುಡುಗಿ, ಈಗ ಕಂಪನಿಯಲ್ಲಿ ಎಲ್ಲರಿಗಿಂತ ಹೆಸರು ಮಾಡಿದವಳು. ಹನ್ನೆರಡು ನಿಮಿಷದ ಆಟ.

"ಗೆಲ್ಲೋದು?"

"ಅವ್ಳೇ ಮಾವ. ಲಾಸ್ಟ್ ಮಿನಿಟ್‌ನಲ್ಲಿ ಮೂಲೆ ಹಗ್ಗದ್ ಮೇಲಿಂದ ನನ್ನ ಹಿಂದಕ್ಕೆ ಎತ್ತಿ ಹಾಕ್ತಾಳೆ. ಅದೇ ಫಿನಿಶ್."

ಆಗಲೇ ನಿರ್ಧಾರವಾಗಿದೆ ಎಂಬುದನ್ನು ಅವಳು ನಾಳೆಯ ತಿಂಡಿಗೆ ಏನು ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ನನಗೆ ನಮ್ಮಪ್ಪನ ನೆನಪಾಯಿತು. ಅಪ್ಪ ಪೈಲ್ವಾನ್. ಹರೆಯದಲ್ಲಿ ಸೈಕಲ್ ತುಳಿದುಕೊಂಡು ಪೇಟೆಗೆ ಹೋಗಿ ಫ್ರೀಸ್ಟೈಲ್ ಕುಸ್ತಿ ನೋಡಿ ಬರುತ್ತಿದ್ದನಂತೆ. ಗಡ್ಡ ಬಿಟ್ಟ ಪರದೇಶದ ದೈತ್ಯರು, ಅವರನ್ನು ಎತ್ತಿ ಒಗೆಯುವ ನಮ್ಮವರು. ಅದೆಲ್ಲ ಮೊದಲೇ ಮಾತಾಡಿಕೊಂಡಿರುತ್ತಾರೆ ಎಂದ ಒಬ್ಬನ ಅಂಗಿಯನ್ನು ಅಪ್ಪ ಹರಿದು ಹಾಕಿದ್ದ. ನಮ್ಮ ಕಾಲಕ್ಕೆ ಕೇಬಲ್ ಬಂತು, ಅಮೆರಿಕದ ರೆಸ್ಲಿಂಗ್ ಬಂತು. ಗರಡಿಯ ಹುಡುಗರೆಲ್ಲ ನಿಜವೋ ಸುಳ್ಳೋ ಎಂದು ಮುಷ್ಟಿ ಬಿಗಿದು ಜಗಳವಾಡಿದೆವು. ನಮ್ಮಮ್ಮನಂತೂ ಒಲೆಯ ಮೇಲೆ ಸಾರು ಬಿಟ್ಟು ಬಂದು ಟಿವಿಯಲ್ಲಿದ್ದ ಕೇಡಿಗೆ ಶಾಪ ಹಾಕುತ್ತಿದ್ದಳು. ಈಗ ಅದೇ ಕೇಡಿ, ಅದೇ ನಾಯಕ, ಪಂದ್ಯ ಮುಗಿದ ಮೇಲೆ ಒಟ್ಟಿಗೆ ನಿಂತು ಫೋಟೊ ಹಾಕುತ್ತಾರೆ.

"ಸುಳ್ಳು ಅಂತ ಎಲ್ರಿಗೂ ಗೊತ್ತಿದ್ಮೇಲೆ ಯಾಕೆ ನೋಡ್ತಾರೆ?" ಎಂದು ಕೇಳಿದೆ.

"ಸಿನಿಮಾ ಸುಳ್ಳು ಅಂತ ಗೊತ್ತಿದ್ರೂ ನೀವು ಅಳಲ್ವಾ ಮಾವ?"

ನಾನು ಸಿನಿಮಾದಲ್ಲಿ ಅಳುವುದು ಇಡೀ ಯಲಹಂಕಕ್ಕೆ ಗೊತ್ತು.

ತಾಲೀಮಿನ ಮನೆ

ಕಂಪನಿಯ ತಾಲೀಮಿನ ಮನೆ ಒಂದು ತಗಡಿನ ಶೆಡ್ಡು. ಪೀಣ್ಯದಲ್ಲಿ ಇಂಥವು ಬೀದಿಗೆ ಹತ್ತು ಇವೆ. ಒಳಗೆ ಹೋದ ಮೇಲೆ ಮಾತ್ರ ನನಗೆ ನಮ್ಮ ಗರಡಿಗೇ ಬಂದಂತಾಯಿತು. ಬೆಳಿಗ್ಗೆ ಎದ್ದು ಕಿರಿಯರು ಕಸ ಗುಡಿಸಿ, ನೆಲ ಒರೆಸಿ, ಎಲ್ಲರಿಗೂ ಅಡುಗೆ ಮಾಡಬೇಕು. ಹಿರಿಯರು ತಿಂದ ಮೇಲೆ ಅವರು ತಿನ್ನಬೇಕು. ಗುರುವಿನ ಮುಂದೆ ಕಾಲು ಚಾಚುವಂತಿಲ್ಲ. ಅವರ ಗುರು ಸೆತ್ಸುಕೊ ಎಂಬ ಅರವತ್ತರ ಹೆಂಗಸು. ಕುಳ್ಳಗೆ, ಗಟ್ಟಿಮುಟ್ಟಾಗಿ, ಒಂದು ಮೊಣಕಾಲು ಎಳೆದುಕೊಂಡು ನಡೆಯುತ್ತಿದ್ದಳು. ಹಣೆಯ ತುಂಬ ಹಳೆಯ ಗಾಯದ ಗೆರೆಗಳು.

ಸಾಮ್ಯ ಅಲ್ಲಿಗೆ ಮುಗಿಯಿತು. ಅಲ್ಲಿ ಮೊದಲ ಪಾಠವೇ ಬೆನ್ನ ಮೇಲೆ ಬೀಳುವುದು. ಗಲ್ಲ ಎದೆಗೆ ಒತ್ತಿ, ಕೈ ಅಗಲಿಸಿ, ಇಡೀ ಬೆನ್ನು ಹಲಗೆಗೆ ಬಡಿಯುವಂತೆ ದೊಪ್ಪೆಂದು ಬೀಳಬೇಕು. ಕಾಫಿಗೆ ಮುಂಚೆ ನೂರು ಸಲ. ನನಗೆ ನೋಡಲಾಗಲಿಲ್ಲ. ನಮ್ಮಲ್ಲಿ ಬೆನ್ನು ನೆಲಕ್ಕೆ ತಾಗಿತೋ ಚಿತ್, ಮುಗಿಯಿತು, ತಲೆ ತಗ್ಗಿಸಿಕೊಂಡು ಮನೆಗೆ ಹೋಗಬೇಕು. ಭಾಗ್ಯ ಒಂಬತ್ತು ವರ್ಷದವಳಾಗಿದ್ದಾಗಿನಿಂದ ನಾನು ಕಲಿಸಿದ್ದು ಅದನ್ನೇ. ಗಾಳಿಯಲ್ಲಿದ್ದರೂ ಮೈ ತಿರುಗಿಸು. ಭುಜದ ಮೇಲೆ ಬೀಳು, ಮೂತಿಯ ಮೇಲೆ ಬೀಳು, ಬೆನ್ನ ಮೇಲೆ ಮಾತ್ರ ಬೀಳಬೇಡ. ಬಿದ್ದ ದಿನ ಹೊಡೆದದ್ದೂ ಉಂಟು.

ಬುಧವಾರ ಕೊನೆಯ ಪಟ್ಟಿನ ಅಭ್ಯಾಸ ನಡೆಯಿತು. ಮಿಯು ಮತ್ತು ಭಾಗ್ಯ ಮೂಲೆಯ ಹಗ್ಗ ಹತ್ತಿ ಎದುರುಬದುರು ನಿಂತರು. ಮಿಯು ಅವಳ ಕತ್ತು, ಸೊಂಟ ಹಿಡಿದು ತನ್ನ ತಲೆಯ ಮೇಲಿನಿಂದ ಹಿಂದಕ್ಕೆ ಎತ್ತಿ ಹಾಕಿದಳು. ಮೊದಲ ಸಲ ಸರಿಯಾಗಿ ಬಿದ್ದಳು. ಎರಡನೇ ಸಲ ಗಾಳಿಯಲ್ಲಿ ಅವಳ ಸೊಂಟ ಒಂದಿಷ್ಟು ತಿರುಗಿತು. ಅಲ್ಲಿದ್ದ ಯಾರಿಗೂ ಅದು ದೊಡ್ಡದಾಗಿ ಕಂಡಿರಲಾರದು. ಭುಜ ಮೊದಲು ತಾಗಿ, ಕತ್ತು ಒಳಗೆ ಮಡಚಿತು. ನಗುತ್ತಲೇ ಎದ್ದಳು.

ಸೆತ್ಸುಕೊ ನನ್ನ ಪಕ್ಕ ಬಂದು ಕೂತಳು. ಅವಳ ಮಾತನ್ನು ಭಾಗ್ಯಳೇ ಕನ್ನಡಕ್ಕೆ ಮಾಡಿ ಹೇಳಬೇಕಿತ್ತು.

"ನಾನು ಬೀಳೋಕೆ ಹೆದರ್ತೀನಂತೆ ಮಾವ."

"ಹೆದರಿಕೆ ಅಲ್ಲ, ನಾನ್ ಕಲಿಸಿದ್ದು ಅದು ಅಂತ ಹೇಳು. ಚಿತ್ ಆಗ್ಬಾರ್ದು ಅಂತ ಮೈ ತಾನಾಗೇ ತಿರುಗುತ್ತೆ."

ಸೆತ್ಸುಕೊ ಚುಟುಕಾಗಿ ಏನೋ ಹೇಳಿದಳು. "ಹಾಗಾದ್ರೆ ನೀವೇ ಬಿಡಿಸಿ ಅಂತಾರೆ" ಎಂದಳು ಭಾಗ್ಯ.

ಚಹಾ ಬಂತು. ನಿಮ್ಮ ಕಾಲದಲ್ಲೂ ಇಷ್ಟು ಎತ್ತರದಿಂದ ಬೀಳುತ್ತಿದ್ದಿರಾ ಎಂದು ಕೇಳಿಸಿದೆ. ಸೆತ್ಸುಕೊ ನಕ್ಕಳು. ಅವಳ ಕಾಲದಲ್ಲಿ ಹೆಂಗಸರ ರೆಸ್ಲಿಂಗ್ ವಾರವಾರ ಟಿವಿಯಲ್ಲಿ ಬರುತ್ತಿತ್ತಂತೆ. ಸ್ಕೂಲ್ ಹುಡುಗಿಯರು ಸಭಾಂಗಣದ ತುಂಬ ಸೇರಿ, ತಮ್ಮ ನೆಚ್ಚಿನವಳು ಸೋತರೆ ಬಿಕ್ಕಿ ಅಳುತ್ತಿದ್ದರಂತೆ. ಕೇಡಿಯ ಪಾತ್ರದವಳಿಗೆ ಅಂಗಡಿಯಲ್ಲಿ ಸಾಮಾನು ಕೊಡುತ್ತಿರಲಿಲ್ಲವಂತೆ. ಒಂದು ಕಪಾಳಮೋಕ್ಷ ಸಾಕಿತ್ತು, ಜನ ಹೌಹಾರುತ್ತಿದ್ದರು. ಈಗ ಕಪಾಳಕ್ಕೆ ಯಾರೂ ಹೌಹಾರುವುದಿಲ್ಲ, ಅದಕ್ಕೇ ಮಕ್ಕಳು ಹಗ್ಗದ ಮೇಲೆ ಹತ್ತಬೇಕು ಎಂದಳು.

"ಅಂದ್ರೆ ಆ ಕಾಲನೇ ಚೆನ್ನಾಗಿತ್ತು ಅನ್ನಿ" ಎಂದೆ, ನನ್ನ ವಾದ ಗೆದ್ದ ಹುರುಪಿನಲ್ಲಿ.

ಅವಳು ಹಣೆಯ ಗೆರೆಗಳನ್ನು ಬೆರಳಿನಿಂದ ತೋರಿಸಿದಳು. "ಇಲ್ಲವಂತೆ ಮಾವ. ಆಗ ನಿಜವಾಗ್ಲೂ ಹೊಡೀತಿದ್ರಂತೆ. ಬ್ಲೇಡ್‌ನಲ್ಲಿ ಹಣೆ ಕುಯ್ಕೋತಿದ್ರಂತೆ. ಗುರುಗಳು ಬೆತ್ತದಲ್ಲಿ ಬಾರಿಸ್ತಿದ್ರಂತೆ."

ಇನ್ನೊಂದು ಪದ್ಧತಿಯನ್ನೂ ಸೆತ್ಸುಕೊ ವಿವರಿಸಿದಳು. ಇಲ್ಲಿ ನೋವು ಕೊನೆಯ ಸಾಲಿನವರೆಗೂ ಕಾಣಬೇಕು, ಚೀರಬೇಕು, ಹೊರಳಬೇಕು. ಎಲ್ಲರೂ ಚೀರುವಾಗ ನಿಜವಾಗಿ ಪೆಟ್ಟಾದವಳನ್ನು ಗುರುತಿಸುವುದು ಹೇಗೆ? ಎದುರಾಳಿ ಗುಟ್ಟಾಗಿ ಅವಳ ಅಂಗೈ ಅದುಮುತ್ತಾಳೆ. ತಿರುಗಿ ಅದುಮಿದರೆ ಕ್ಷೇಮ. ಅದುಮದಿದ್ದರೆ ಆಟ ನಿಲ್ಲಿಸಬೇಕು.

ಕೇಳುತ್ತಾ ಕೂತ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ನಮ್ಮ ಗರಡಿಯಲ್ಲಿ "ಅಮ್ಮಾ" ಎಂದವನಿಗೆ ಮರ್ಯಾದೆಯಿಲ್ಲ. ಹತ್ತು ವರ್ಷದ ಭಾಗ್ಯ ಒಮ್ಮೆ ಬೆರಳು ಮುರಿದುಕೊಂಡು, ಮಾರನೆಯ ಬೆಳಿಗ್ಗೆ ಊದಿಕೊಳ್ಳುವವರೆಗೂ ಬಾಯಿ ಬಿಟ್ಟಿರಲಿಲ್ಲ. ನಾನು ಬೆನ್ನು ತಟ್ಟಿ ಬಾದಾಮಿ ಹಾಲು ಕೊಡಿಸಿದ್ದೆ.

ಹೊಳೆಯ ದಂಡೆ

ಗುರುವಾರದಿಂದ ಮೂರು ಸಂಜೆ ಹೊಳೆಯ ದಂಡೆಯ ಹುಲ್ಲಿನ ಮೇಲೆ ನಮ್ಮ ಪಾಠ ನಡೆಯಿತು. ಅಲ್ಲಿ ಮುದುಕರು ನಾಯಿ ಹಿಡಿದು ಓಡಾಡುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ನಾಯಿಯ ಕಕ್ಕಸ್ಸು ಎತ್ತಿಕೊಳ್ಳಲು ಒಂದು ಚೀಲ. ನಮ್ಮ ಸಹಕಾರನಗರದ ಪಾರ್ಕಿನವರು ಒಮ್ಮೆ ಇದನ್ನು ನೋಡಬೇಕು.

"ಬೀಳು" ಎಂದೆ. ಬಿದ್ದಳು. ಸೊಂಟ ತಿರುಗಿತು. ಮತ್ತೆ ಬಿದ್ದಳು, ಮತ್ತೆ ತಿರುಗಿತು.

"ಬೇಡ ಮಗಾ, ಆ ಫಿನಿಶ್ ಬಿಟ್ಬಿಡಿ. ನಾನ್ ಸೆತ್ಸುಕೊಗೆ ಹೇಳ್ತೀನಿ. ಬೇರೆ ಏನಾದ್ರೂ ಸುಲಭದ್ದು ಮಾಡ್ಲಿ."

"ಹೇಳ್ಬೇಡಿ ಮಾವ! ಅದನ್ನ ಮಾಡೋಕೆ ಬರಲ್ಲ ಅಂದ್ರೆ ನನಗಿಂತ ಚೆನ್ನಾಗ್ ಬೀಳೋರು ಕಂಪ್ನೀಲಿ ನಾಲ್ಕ್ ಜನ ಇದಾರೆ. ಆರ್ ತಿಂಗ್ಳು ನೆಲ ಒರೆಸಿದೀನಿ ನಾನು."

ಅವಳ ಕಣ್ಣು ಕೆಂಪಾಗಿತ್ತು. ಊರಲ್ಲಿ ಅವಳಿಗೆ ಕುಸ್ತಿ ಹಿಡಿಯಲು ಜೋಡಿಯೇ ಇರಲಿಲ್ಲ. ಗಂಡು ಹುಡುಗರ ಅಪ್ಪಂದಿರು ಹೆಣ್ಣಿನ ಎದುರು ಮಗನನ್ನು ಇಳಿಸುತ್ತಿರಲಿಲ್ಲ, ಸೋತರೆ ಮಾನ ಹೋಗುತ್ತದೆಂದು. ಅವಳನ್ನು ಹೆಸರು ಹಿಡಿದು ಕರೆದ ಮೊದಲ ಅಖಾಡ ಇದು.

ನಾನು ಶೂ ಬಿಚ್ಚಿದೆ. ಹುಲ್ಲಿನ ಮೇಲೆ ನಿಂತು, ಗಲ್ಲ ಎದೆಗೆ ಒತ್ತಿ, ಕೈ ಅಗಲಿಸಿ, ಹಿಂದಕ್ಕೆ ಬಿದ್ದೆ. ಬೆನ್ನು ಪೂರ್ತಿ ನೆಲಕ್ಕೆ ತಾಗಿತು. ಶಿಷ್ಯೆಯ ಎದುರು, ಪರದೇಶದ ಆಕಾಶದ ಕೆಳಗೆ ನಾನು ಚಿತ್ತಾಗಿ ಮಲಗಿದ್ದೆ. ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು. ಒಂದು ನಾಯಿ ಬಂದು ನನ್ನ ಮುಖ ಮೂಸಿತು.

"ಮಾವ, ಎದ್ದೇಳಿ" ಎಂದಳು ಭಾಗ್ಯ.

"ನಾನೇ ಬಿದ್ದಿದೀನಿ. ಇನ್ನು ನಿಂಗೇನು? ಬೀಳು."

ಬಿದ್ದಳು. ಮೂವತ್ತು ಸಲ ಬೀಳಿಸಿದೆ, ಮೂವತ್ತು ಸಲವೂ ಬೆನ್ನ ಮೇಲೆ ಬಿದ್ದಳು. ಶನಿವಾರದ ಹೊತ್ತಿಗೆ ನಾನು ಬಿಡಿಸಿಬಿಟ್ಟೆ ಎಂದು ನಂಬಿದೆ. ಹತ್ತು ವರ್ಷದ್ದನ್ನು ಮೂರು ಸಂಜೆಯಲ್ಲಿ ಬಿಡಿಸಿದೆನೆಂದು ನಂಬಿದ ನನ್ನ ಬುದ್ಧಿಗೆ ಏನು ಹೇಳಲಿ.

ಭಾನುವಾರ, ಮೂರನೇ ಮಹಡಿ

ಪಂದ್ಯ ನಡೆದದ್ದು ಒಂದು ಕಟ್ಟಡದ ಮೂರನೇ ಮಹಡಿಯ ಹಾಲಿನಲ್ಲಿ, ಮಧ್ಯಾಹ್ನ. ಬೆಳಿಗ್ಗೆ ಹುಡುಗಿಯರೇ ಕಬ್ಬಿಣದ ಕಂಬ ಹೊತ್ತು ತಂದು ಅಖಾಡ ಕಟ್ಟಿದರು, ಅವರೇ ಬಾಗಿಲಲ್ಲಿ ಟಿಕೆಟ್ ಹರಿದರು, ಅವರೇ ಆಮೇಲೆ ಬಣ್ಣ ಹಚ್ಚಿಕೊಂಡು ಬಂದರು. ನೋಡಲು ಬಂದವರು ಹೆಚ್ಚಾಗಿ ಗಂಡಸರು, ಆಫೀಸಿನ ಅಂಗಿಯವರು, ಒಂದಿಷ್ಟು ಮುದುಕರು. ತಮ್ಮ ಮೆಚ್ಚಿನ ಹುಡುಗಿಯ ಹೆಸರು ಕೂಗಿದಾಗ ಬಣ್ಣದ ಕಾಗದದ ಸುರುಳಿಗಳನ್ನು ಅಖಾಡದೊಳಕ್ಕೆ ಎಸೆಯುವುದು ಅವರ ಪದ್ಧತಿ. ಮಿಯುಗೆ ಅಖಾಡ ಮುಚ್ಚಿಹೋಗುವಷ್ಟು ಸುರುಳಿ ಬಿದ್ದವು. ಭಾಗ್ಯಳಿಗೆ ಮೂರು ಬಿದ್ದವು. ಹೊಸಬಳಿಗೆ ಅಷ್ಟಾದರೂ ಬಿತ್ತಲ್ಲ ಎಂದು ನನ್ನ ಎದೆಯುಬ್ಬಿತು.

ನನ್ನ ಕುರ್ಚಿ ಮೊದಲ ಸಾಲಿನಲ್ಲಿತ್ತು. ಎದುರಿಗೆ ಗಂಟೆಯ ಮೇಜಿನ ಹಿಂದೆ ಸೆತ್ಸುಕೊ.

ಭಾಗ್ಯ ತೊಡೆ ತಟ್ಟಿ ಇಳಿದಳು. ಜನಕ್ಕೆ ಆ ಸದ್ದು ಹಿಡಿಸಿತು, ಅವರೂ ತೊಡೆ ತಟ್ಟತೊಡಗಿದರು. ಮಿಯು ಹೊಡೆದರೆ ಚೀರಿದಳು, ಹೊರಳಿದಳು, ಎದ್ದು ತಿರುಗಿ ಹೊಡೆದಳು. ಎಲ್ಲ ಮಾತಾಡಿಕೊಂಡದ್ದೆಂದು ಗೊತ್ತಿದ್ದೂ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ನಮ್ಮಪ್ಪ ಇದನ್ನು ನೋಡಿದ್ದರೆ ಬೈಯುತ್ತಿದ್ದ, ಆಮೇಲೆ ನನ್ನಷ್ಟೇ ಮುಂದಕ್ಕೆ ಬಾಗುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಇಬ್ಬರೂ ಮೂಲೆಯ ಹಗ್ಗ ಹತ್ತಿದರು.

ಮಿಯು ಎತ್ತಿದಳು. ದೀಪಗಳ ಬೆಳಕಿನಲ್ಲಿ ಭಾಗ್ಯಳ ಕಾಲು ಮೇಲೆ ಹೋದವು, ಮತ್ತು ಸೊಂಟ ತಿರುಗಿತು.

ಭುಜ, ಆಮೇಲೆ ಕತ್ತು. ಹಲಗೆಯ ಸದ್ದು ಬೇರೆಯಾಗಿತ್ತು.

ಜನ "ಓ" ಎಂದರು. ಮಿಯು ತೆವಳಿ ಬಂದು ಅವಳ ಕೈ ಹಿಡಿದಳು. ಅದುಮಿದ್ದು ನನಗೆ ಕಂಡಿತು. ಭಾಗ್ಯ ಎಡಗೈಯಿಂದ ತಿರುಗಿ ಅದುಮಿದಳು. ಕ್ಷೇಮ ಎಂದಳು. ಮಿಯು ಅದನ್ನು ನಂಬಿದಳು, ಪಾಪ, ಅವಳ ತಪ್ಪಲ್ಲ. ಬಿದ್ದದ್ದು ಓರೆಯಾದ್ದರಿಂದ ಇನ್ನೊಮ್ಮೆ ಚೆನ್ನಾಗಿ ಎತ್ತಿ ಹಾಕಿಯೇ ಮುಗಿಸಬೇಕೆಂದು ಅವಳನ್ನು ಸೊಂಟ ಹಿಡಿದು ಎಬ್ಬಿಸತೊಡಗಿದಳು.

ಭಾಗ್ಯ ಚೀರುತ್ತಿರಲಿಲ್ಲ. ಅಷ್ಟು ಹೊತ್ತು ಸುಳ್ಳು ನೋವಿಗೆ ಛಾವಣಿ ಹಾರುವಂತೆ ಚೀರಿದವಳು ಈಗ ತುಟಿ ಬಿಗಿದಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಹೊಸ ಹುಡುಗಿ ನಟಿಸುವುದನ್ನು ಮರೆತಳು ಎಂದು ಪಕ್ಕದವನು ಗೊಣಗಿದಂತಿತ್ತು. ನನಗೆ ಆ ಮುಖ ಗೊತ್ತಿತ್ತು. ಬೆರಳು ಮುರಿದ ರಾತ್ರಿ ಊಟಕ್ಕೆ ಕೂತಿದ್ದು ಆ ಮುಖವೇ. ಅವಳ ಬಲಗೈ ಬೆರಳುಗಳು ಸಡಿಲವಾಗಿ ತೂಗುತ್ತಿದ್ದವು.

ನಾನು ಮೊದಲ ಸಾಲಿನ ಮುಂದಿದ್ದ ಕಂಬಿ ಹಾರಿದೆ. ಹಾರಿದರೆ ಒಪ್ಪಂದ ಹೋಯಿತು ಎಂಬುದು ಗೊತ್ತಿತ್ತು. ಇಬ್ಬರು ಹುಡುಗಿಯರು ನನ್ನ ಸೊಂಟ ಹಿಡಿದರು, ಅವರನ್ನು ಎಳೆದುಕೊಂಡೇ ಹಗ್ಗದೊಳಗೆ ನುಗ್ಗಿದೆ.

"ನಿಲ್ಸಿ! ಸ್ಟಾಪ್! ರಿಯಲ್! ರಿಯಲ್!"

ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮೀಸೆಯ ಮಾವ ಕಥೆಯ ಭಾಗ ಎಂದುಕೊಂಡರು. "ರಿಯರು! ರಿಯರು!" ಎಂದು ನನ್ನ ಮಾತನ್ನೇ ತಾಳ ಹಾಕಿ ಕೂಗಿದರು. ಎಲ್ಲರ ಕೈಯಲ್ಲೂ ಫೋನು. ಕಂಪನಿ ತನಗೆ ಹೇಳದೆ ಏನೋ ಸೇರಿಸಿದೆ ಎಂದುಕೊಂಡ ಮಿಯು ಆಟ ಕೆಡದಿರಲೆಂದು ನನ್ನ ಎದೆಗೆ ಮೊಣಕೈಯಿಂದ ಹೊಡೆದಳು. ಮತ್ತೆ ಚಪ್ಪಾಳೆ. ಅಂಥ ಅಸಹಾಯಕತೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಕೂಗಿದಷ್ಟೂ ಅದು ನಾಟಕವಾಗುತ್ತಿತ್ತು.

ಕೂಗುವುದನ್ನು ಬಿಟ್ಟೆ. ಭಾಗ್ಯಳನ್ನು ಮಿಯುವಿನ ಕೈಯಿಂದ ಬಿಡಿಸಿ ಮೆಲ್ಲಗೆ ಮಲಗಿಸಿ, ಅವಳ ತಲೆಯ ಎರಡೂ ಕಡೆ ಅಂಗೈ ಕೊಟ್ಟು, ಅಲುಗಾಡದಂತೆ ಹಿಡಿದು ಕೂತೆ. ಯಾರ ಕಡೆಗೂ ನೋಡಲಿಲ್ಲ.

"ಮಾವ, ಬಿಡಿ. ಇನ್ನೊಂದ್ ಸಲ ಅಷ್ಟೇ. ಇನ್ನೊಂದೇ ನಿಮಿಷ ಇತ್ತು."

"ಬಲಗೈ ಬೆರಳು ಅಲ್ಲಾಡ್ಸು."

ಅವಳು ಪ್ರಯತ್ನಪಟ್ಟಳು. ಬೆರಳು ಅಲ್ಲಾಡಲಿಲ್ಲ.

ಗಂಟೆ ಮೊಳಗಿತು. ಸೆತ್ಸುಕೊ ಕುಂಟು ಕಾಲಿನಲ್ಲೇ ಹಗ್ಗದೊಳಗೆ ನುಸುಳಿ ಬರುತ್ತಿದ್ದಳು. ಅವಳು ಎರಡೂ ಕೈ ಎತ್ತಿ ಹಾಲನ್ನು ಸುಮ್ಮನಾಗಿಸುವವರೆಗೂ ಚಪ್ಪಾಳೆ ನಿಂತಿರಲಿಲ್ಲ.

ಆಸ್ಪತ್ರೆ

ಕತ್ತಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ನರಕ್ಕೆ ಪೆಟ್ಟಾಗಿ ಕೈ ಜೋಮು ಹಿಡಿದಿತ್ತು, ಮಾರನೆಯ ದಿನಕ್ಕೆ ಬೆರಳು ಆಡತೊಡಗಿದವು. ಅದನ್ನು ನೋಡಿ ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಇನ್ನೊಮ್ಮೆ ಹಾಗೆ ಬಿದ್ದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಭಾಗ್ಯ ನನಗೆ ಕನ್ನಡದಲ್ಲಿ ಹೇಳಲಿಲ್ಲ. ಅವರ ಮುಖ ನೋಡಿದರೆ ಸಾಕಿತ್ತು. ಹಗಲೂ ರಾತ್ರಿ ಕತ್ತಿಗೆ ಪಟ್ಟಿ ಕಟ್ಟಿರಬೇಕು, ಒಂಬತ್ತು ದಿನ ಕಳೆದ ಮೇಲೆ ವಿಮಾನ ಹತ್ತಬಹುದು, ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಎಂದರು.

ಮಿಯು ದಿನಾ ಬಂದು ಬಾಗಿಲಲ್ಲೇ ನಿಂತು ಅಳುತ್ತಿದ್ದಳು. ಸೆತ್ಸುಕೊ ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ತನ್ನ ಹರುಕು ಇಂಗ್ಲಿಷಿನಲ್ಲಿ, ನೀವು ಕೂಗುವಾಗ ನಾನೂ ನಂಬಲಿಲ್ಲ, ಕ್ಷಮಿಸಿ ಎಂದಳು. ನೀವು ಜನರ ಕಡೆಗೆ ನೋಡುವುದನ್ನು ಬಿಟ್ಟಾಗ ನಂಬಿದೆ, ನಟಿಸುವವರಿಗೆ ಅದೊಂದು ಆಗುವುದಿಲ್ಲ ಎಂದಳು.

ಮೂರನೆಯ ದಿನ ಕಂಪನಿಯ ಯಜಮಾನ ಹಣ್ಣಿನ ಬುಟ್ಟಿ ಹಿಡಿದು ಬಂದ. ಬಹಳ ಹೊತ್ತು ಬಗ್ಗಿ ನಿಂತು ಕ್ಷಮೆ ಕೇಳಿದ. ಆಸ್ಪತ್ರೆಯ ಖರ್ಚೆಲ್ಲ ತನ್ನದೆಂದ. ಆಮೇಲೆ ಫೋನು ತೆಗೆದು ವಿಡಿಯೊ ತೋರಿಸಿದ. ನಾನು ಕಂಬಿ ಹಾರುವುದು, "ರಿಯಲ್" ಎಂದು ಕೂಗುವುದು, ಎದೆಗೆ ಹೊಡೆಸಿಕೊಳ್ಳುವುದು. ಲೋಕವೆಲ್ಲ ನೋಡಿ ನಗುತ್ತಿದೆಯಂತೆ, ಮಾವ ಮತ್ತೆ ಯಾವಾಗ ಬರುತ್ತಾನೆಂದು ಕೇಳುತ್ತಿದೆಯಂತೆ. ಹುಡುಗಿ ವಾಸಿಯಾಗಿ ಬಂದರೆ ಒಪ್ಪಂದ ಸಿದ್ಧವಿದೆ, ಜೊತೆಗೆ ನನಗೂ ಒಂದು ಪಾತ್ರ.

ಬೈಯಲು ಬಾಯಿ ತೆರೆದವನು ಭಾಗ್ಯಳ ಮುಖ ನೋಡಿ ಸುಮ್ಮನಾದೆ. ಮಲಗಿದಲ್ಲೇ ಅವಳ ಕಣ್ಣು ಹೊಳೆಯುತ್ತಿದ್ದವು.

ಅವನು ಹೋದ ಮೇಲೆ ಅವಳು ಹೇಳಿದಳು, "ಮಾವ, ಅಮ್ಮಂಗೆ ಫೋನಲ್ಲಿ ಹೇಳ್ಬೇಡಿ. ಒಬ್ಳೇ ಇದಾಳೆ, ಗಾಬರಿ ಆಗ್ತಾಳೆ. ಎದುರಿಗೆ ಹೇಳೋಣ."

"ಎದುರಿಗೆ ಹೇಳ್ತೀಯಾ?"

"ಹೇಳ್ತೀನಿ."

ಆ ಸಂಜೆ ಲಚ್ಚಿಗೆ ಫೋನು ಮಾಡಿ, ಕಂಪನಿಯ ಕಾಗದ ಪತ್ರದ ಕೆಲಸ ಇನ್ನೂ ಇದೆ, ಒಂದು ವಾರ ತಡವಾಗುತ್ತದೆ ಎಂದೆ. ಸುಳ್ಳಾಡುವುದು ನನಗೆ ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಮನೆ ಕಡೆ

ಬೆಂಗಳೂರಲ್ಲಿ ಇಳಿದಾಗ ಬೆಳಿಗ್ಗೆ ಹತ್ತು ಗಂಟೆ. ವಿಮಾನದಲ್ಲಿ ಭಾಗ್ಯ ನನ್ನ ಜೊತೆ ನಾಲ್ಕು ಮಾತೂ ಆಡಿರಲಿಲ್ಲ. ನನ್ನ ಚೀಲದಲ್ಲಿ ಒಪ್ಪಂದದ ಕಾಗದ ಇತ್ತು, ಸಹಿಯ ಜಾಗ ಖಾಲಿ. ಲಚ್ಚಿಗೆ ವಿಷಯ ತಿಳಿದರೆ ಆ ಜಾಗ ಎಂದಿಗೂ ತುಂಬುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಲಚ್ಚಿ ಕಂಬಿಯಾಚೆ ನಿಂತಿದ್ದಳು, ರೇಷ್ಮೆ ಸೀರೆ ಉಟ್ಟುಕೊಂಡು. ನಮ್ಮನ್ನು ಕಂಡದ್ದೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಅಣ್ಣಾ! ಇಡೀ ಬೀದಿ ನೋಡ್ಬಿಡ್ತು ನಿನ್ ವಿಡಿಯೋನ. ಆ ಉಡುಗಿ ಎದೆಗೆ ಗುದ್ದಿದ್ರೆ ಎಂಗ್ ಮುಖ ಮಾಡ್ದೆ! ಇಷ್ಟ್ ಚೆನ್ನಾಗ್ ಆಕ್ಟ್ ಮಾಡಕ್ ಬತ್ತದೆ ಅಂತ ಯಾವತ್ತೂ ಏಳಿರ್ಲಿಲ್ವಲ್ಲೋ!"

ಮಗಳ ಕೆನ್ನೆ ಎರಡೂ ಕೈಯಲ್ಲಿ ಹಿಡಿದಳು. ಮುದ್ದು ಮಾಡಿದಳು. ಆಮೇಲೆ ಕತ್ತಿನ ಪಟ್ಟಿ ನೋಡಿ ಮತ್ತೆ ನಕ್ಕಳು.

"ಇದನ್ನ ಇಲ್ಲೀಗಂಟ ಆಕ್ಕೊಂಡ್ ಬಂದಿದೀಯಾ? ಇಲ್ಯಾರೇ ನೋಡ್ತಾರೆ, ಸೆಕೆ ಬೇರೆ. ಬಿಚ್ಚು ಅತ್ಲಾಗೆ."

ಅವಳ ಬೆರಳು ಪಟ್ಟಿಯ ಅಂಟಿಗೆ ಹೋಯಿತು. ಭಾಗ್ಯ ಈಗ ಹೇಳುತ್ತಾಳೆ ಎಂದು ನಾನು ಕಾದೆ. ಹೇಳಲಿಲ್ಲ. ನಗುತ್ತಾ ನಿಂತಿದ್ದಳು. ಅಮ್ಮನಿಗೆ ಬಿಚ್ಚಲು ಸುಲಭವಾಗಲೆಂದು ಮಂಡಿ ಸ್ವಲ್ಪ ಬಗ್ಗಿಸಿದಳು. ಅಂಟು ಚರ್ರೆಂದು ಅರ್ಧ ಬಿಟ್ಟುಕೊಂಡಿತು.

ಲಚ್ಚಿಯ ಮುಂಗೈ ಹಿಡಿದೆ.

"ಮುಟ್ಬೇಡ ಲಚ್ಚಿ. ಅದು ನಿಜ."

"ಸಾಕು ಬಿಡಣ್ಣ, ಇಲ್ಲೂ ಶುರು ಮಾಡ್ಬೇಡ!" ಎಂದು ಕೈ ಕೊಸರಿಕೊಳ್ಳುತ್ತಾ ನಕ್ಕಳು. ನಾನು ಬಿಡಲಿಲ್ಲ.

"ಕತ್ತಿನ ಮೂಳೆ ಬಿರುಕು ಬಿಟ್ಟಿದೆ ಕಣವ್ವ. ಕಳ್ಸಿದ ಹಂಗೆ ತರ್ಲಿಲ್ಲ ನಾನು."

ಲಚ್ಚಿ ನನ್ನ ಮುಖ ನೋಡಿದಳು, ಇನ್ನೂ ನಗು ಆರದ ಮುಖದಲ್ಲೇ ಮಗಳ ಕಡೆ ತಿರುಗಿದಳು. ಭಾಗ್ಯ ನನ್ನನ್ನು ಕೊಲ್ಲುವಂತೆ ದಿಟ್ಟಿಸುತ್ತಿದ್ದಳು. ಟ್ಯಾಕ್ಸಿಯವರು ನಮ್ಮ ಸುತ್ತ ಹೆಬ್ಬಾಳ, ಹೆಬ್ಬಾಳ ಎಂದು ಕೂಗುತ್ತಿದ್ದರು.

"ನೋಯ್ತದಾ ಮಗಾ?" ಎಂದಳು ಲಚ್ಚಿ.

ಹುಡುಗಿ ತುಟಿ ಬಿಗಿದಳು. ನಾನು ಕಲಿಸಿದ ಮುಖ ಬಂತು, ಒಂದಷ್ಟು ಹೊತ್ತು ನಿಂತಿತು. ಆಮೇಲೆ ಗಲ್ಲ ನಡುಗಿತು.

"ನೋಯ್ತಿದೆ ಅಮ್ಮ."

ಹತ್ತು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.